ಹಳೆಯ ಹೊಲಿಗೆ ಮಿಷಿನ್ ಕೊಳ್ಳುವಾಗ ಏನನ್ನು ನೋಡಬೇಕು? – ಮುಂಬೈ, ಪುಣೆ, ಗೋವಾದ ಕನ್ನಡಿಗರಿಗೆ ಒಂದು ಪ್ರಶ್ನೆ

ಡೊಂಬಿವಲಿ ಓದುಗಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅತ್ತೆಯವರ ಕಾಲದ ಒಂದು ಸಿಂಗರ್ ಕೈಮಿಷಿನ್ ಇದೆ. ಮೇಲೆ ಮುಚ್ಚುವ ಮರದ ಪೆಟ್ಟಿಗೆ, ಅದರ ಬೀಗದ ಕೈ, ಕೆಳದಾರ ಸುತ್ತುವ ಉದ್ದನೆಯ ಬಾಬಿನ್‌ಗಳು ಎಲ್ಲವೂ ಉಳಿದಿವೆ. ಚಕ್ರ ಮಾತ್ರ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತದೆ. ಬಲಗಡೆಯ ತಳದಲ್ಲಿ ಇಂಗ್ಲಿಷ್‌ನ ವೈ ಅಕ್ಷರದಿಂದ ಆರಂಭವಾಗುವ ಉದ್ದನೆಯ ಸಂಖ್ಯೆಯೊಂದನ್ನು ಕೊರೆದಿದ್ದಾರೆ. ಇದನ್ನು ಸರಿಪಡಿಸಬೇಕೆಂಬ ಆಸೆಯಿಂದ ಶುರುವಾದದ್ದು ಈಗ ಇಂಥವೇ ಇನ್ನೂ ಕೆಲವನ್ನು ಹುಡುಕಿ ಇಟ್ಟುಕೊಳ್ಳಬೇಕೆಂಬ ಹಂಬಲವಾಗಿ ಬೆಳೆದಿದೆ.

ಈಚೆಗೆ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋಗಿದ್ದಾಗ ಕಪ್ಪು ಬಣ್ಣ ಮಿರುಗುವ, ಬಂಗಾರದ ಚಿತ್ತಾರವಿರುವ ಮಿಷಿನ್‌ಗಳನ್ನು ಸಾಲಾಗಿ ಇಟ್ಟಿದ್ದರು. ಪ್ರತಿಯೊಂದನ್ನೂ ನೂರೈವತ್ತು ವರ್ಷ ಹಳೆಯದೆಂದು ಅಂಗಡಿಯವರು ಹೇಳುತ್ತಿದ್ದರು. ಅದನ್ನು ನಂಬಬೇಕೋ ಬೇಡವೋ ತಿಳಿಯದೆ ಬರಿಗೈಯಲ್ಲಿ ಮರಳಿದೆ. ವಯಸ್ಸನ್ನು ಹೇಗೆ ತಿಳಿಯುವುದು, ಕೊಳ್ಳುವ ಮುನ್ನ ಯಾವ ಭಾಗವನ್ನು ಮೊದಲು ನೋಡುವುದು, ನಮ್ಮ ಮಿಷಿನ್ನಿನ ಚಕ್ರವನ್ನು ಮನೆಯಲ್ಲೇ ಸರಿಪಡಿಸಬಹುದೇ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಕಸಬಾ ಪೇಠ, ಪುಣೆ:

ಸಹೋದರಿಯವರೇ, ಮೊದಲು ನಿಮ್ಮ ಮಿಷಿನ್ನಿನ ವಿಚಾರ. ವೈ ಅಕ್ಷರದ ಸರಣಿಯನ್ನು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಊರಿನ ಕಿಲ್‌ಬೋವಿ ಕಾರ್ಖಾನೆಗೆ ಕೊಟ್ಟಿದ್ದರು. ಅದು 1920 ಮತ್ತು 30ರ ದಶಕಗಳ ಸರಣಿ. 1880ರ ದಶಕದಲ್ಲಿ ಕಟ್ಟಿದ ಆ ಕಾರ್ಖಾನೆ 1980ರಲ್ಲಿ ಮುಚ್ಚಿಹೋಯಿತು. ಅಲ್ಲಿಯ ರೈಲು ನಿಲ್ದಾಣಕ್ಕೆ ಇಂದಿಗೂ ಸಿಂಗರ್ ಎಂದೇ ಹೆಸರು. ಅಂದರೆ ನಿಮ್ಮದು ನೂರರ ಆಸುಪಾಸಿನದು, ನೂರೈವತ್ತರದ್ದಲ್ಲ. ನಮ್ಮ ಕಡೆ ಮನೆಮನೆಗಳಲ್ಲಿ ಸಿಗುವ ಹಳೆಯ ಸಿಂಗರ್‌ಗಳಲ್ಲಿ ಬಹಳಷ್ಟರ ಮೇಲೆ ವೈ, ಎಫ್ ಅಥವಾ ಇಎ, ಇಬಿ ಮುಂತಾಗಿ ಆರಂಭವಾಗುವ ಕ್ಲೈಡ್‌ಬ್ಯಾಂಕಿನ ಸಂಖ್ಯೆಗಳೇ ಇರುತ್ತವೆ. ಜಿ ಅಕ್ಷರವಿದ್ದರೆ ಅಮೆರಿಕದ ನ್ಯೂಜೆರ್ಸಿಯ ಎಲಿಜಬೆತ್ ಕಾರ್ಖಾನೆಯದು. ಅಕ್ಷರವೇ ಇಲ್ಲದೆ ಬರೀ ಅಂಕೆಗಳಿದ್ದರೆ ಸಾಮಾನ್ಯವಾಗಿ 1900ಕ್ಕಿಂತ ಹಿಂದಿನದೆಂದು ತಿಳಿಯಬೇಕು. ಈ ಸಂಖ್ಯೆಗಳ ಪಟ್ಟಿಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಪಟ್ಟಿಯಲ್ಲಿರುವ ದಿನಾಂಕವು ಸಂಖ್ಯೆಗಳ ಗುಂಪನ್ನು ಕಾರ್ಖಾನೆಗೆ ಹಂಚಿದ ದಿನವೇ ಹೊರತು ಮಿಷಿನ್ ತಯಾರಾಗಿ ಹೊರಬಂದ ದಿನವಲ್ಲ. ಮಾರಾಟವಾದ ದಿನವಂತೂ ಅಲ್ಲವೇ ಅಲ್ಲ.

ನಿಮ್ಮ ಬಾಬಿನ್ ಉದ್ದವಾಗಿರುವುದರಿಂದ ಒಳಗಿರುವುದು ಬಂದೂಕಿನ ಗುಂಡಿನ ಆಕಾರದ ಶಟಲ್. ಅದು ಬಾಬಿನ್ನನ್ನು ಒಳಗಿಟ್ಟುಕೊಂಡು ತಳದಲ್ಲಿ ಕಮಾನಿನಂತೆ ಹಿಂದೆ ಮುಂದೆ ಓಡಾಡಿ ಹೊಲಿಗೆ ಹಾಕುತ್ತದೆ. 27 ಮತ್ತು 28ನೆಯ ಮಾದರಿಗಳೂ, ಅವುಗಳನ್ನು ಸುಧಾರಿಸಿ ತಂದ 127 ಮತ್ತು 128ನೆಯ ಮಾದರಿಗಳೂ ಈ ಜಾತಿಯವು. ಇವುಗಳಲ್ಲಿ 28 ಮತ್ತು 128 ಗಾತ್ರದಲ್ಲಿ ಚಿಕ್ಕವು. ಕೈಮಿಷಿನ್‌ಗಳಾಗಿ ಇವೇ ಹೆಚ್ಚು ಬಂದವು. ಶಟಲನ್ನು ಮುಚ್ಚಿರುವ ಜಾರುವ ತಗಡನ್ನು ಸರಿಸಿ ನೋಡಿ. ಶಟಲನ್ನು ಮೇಲಕ್ಕೆ ಎತ್ತಿಕೊಡುವ ಚಿಕ್ಕ ಗುಂಡಿ ಇದ್ದರೆ 128, ಇಲ್ಲದಿದ್ದರೆ 28 ಎಂದುಕೊಳ್ಳಬಹುದು.

ಇನ್ನು ಕೊಳ್ಳುವ ವಿಚಾರದಲ್ಲಿ ನನ್ನದು ಒಂದೇ ಮಾತು: ಚಿತ್ತಾರ ನೋಡಿ ಕೊಳ್ಳಬೇಡಿ, ಶಟಲ್ ನೋಡಿ ಕೊಳ್ಳಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಈ ಪೇಟೆಯಲ್ಲಿ ಹಳೆಯ ತಲೆಗೆ, ಅಂದರೆ ಸ್ಟ್ಯಾಂಡು ಬಿಟ್ಟು ಹೊಲಿಯುವ ಮೇಲಿನ ಭಾಗಕ್ಕೆ, ಹೊಸ ಬಣ್ಣ ಬಳಿದು, ಬಂಗಾರದ ಬಣ್ಣದ ಚಿತ್ರಪಟ್ಟಿ ಅಂಟಿಸಿ ನಿಲ್ಲಿಸುವುದು ತೀರ ಸಾಮಾನ್ಯ. ಇದನ್ನು ಗುರುತಿಸುವುದು ಕಷ್ಟವೇನಲ್ಲ. ಹೊಲಿಯುವವರ ಮುಂಭಾಗದ ಅಂಚಿನಲ್ಲಿ ಬಟ್ಟೆಯೂ ಅಂಗೈಯೂ ದಶಕಗಟ್ಟಲೆ ಉಜ್ಜಿರುತ್ತವೆ. ನಿಜವಾಗಿ ದುಡಿದ ಮಿಷಿನ್ನಿನಲ್ಲಿ ಆ ಜಾಗದ ಬಂಗಾರ ಮಾಸಿ ಕಂದಿ, ಕೆಲವು ಕಡೆ ಕಪ್ಪೂ ಸವೆದು ಲೋಹ ಕಾಣುತ್ತದೆ. ಕಂಬದ ಹಿಂಬದಿಯಲ್ಲಿ, ಕೈ ತಾಗದ ಕಡೆ, ಅದೇ ಚಿತ್ತಾರ ಹೊಚ್ಚ ಹೊಸದರಂತೆ ಉಳಿದಿರುತ್ತದೆ. ಎಲ್ಲ ಕಡೆಯೂ ಒಂದೇ ಸಮನಾಗಿ ಹೊಳೆಯುತ್ತಿದ್ದರೆ, ತಿರುಪುಗಳ ತಲೆಯ ಗೀರಿನೊಳಗೂ ಸಂಖ್ಯೆಯ ಅಂಕೆಗಳೊಳಗೂ ಬಣ್ಣ ತುಂಬಿದ್ದರೆ, ಅದು ಮೊನ್ನೆಯ ಕೆಲಸ. ಸಿಂಗರ್ ತನ್ನ ಬಿಡಿಭಾಗಗಳ ಮೇಲೆ ಸಿಮಾಂಕೊ ಎಂಬ ಮುದ್ರೆಯನ್ನೂ ಭಾಗದ ಸಂಖ್ಯೆಯನ್ನೂ ಒತ್ತುತ್ತಿತ್ತು. ಬಟ್ಟೆ ಒತ್ತಿಹಿಡಿಯುವ ಪಾದ, ಜಾರುವ ತಗಡು, ಶಟಲ್ ಇವುಗಳನ್ನು ಬಿಚ್ಚಿ ತೋರಿಸಲು ಕೇಳಿ. ತೋರಿಸಲು ಒಪ್ಪದವರ ಬಳಿ ವ್ಯಾಪಾರ ಬೇಡ.

ಶಟಲಿಗೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಬಣ್ಣ ಹೋದ ಮಿಷಿನ್ ಹೊಲಿಯುತ್ತದೆ, ಹಿಡಿ ಮುರಿದ ಮಿಷಿನ್ನಿಗೆ ಇನ್ನೊಂದು ಹಿಡಿ ಸಿಗುತ್ತದೆ. ಆದರೆ ಶಟಲ್ ಇಲ್ಲದ ಹಳೆಯ ಮಿಷಿನ್ ಬರೀ ಕಬ್ಬಿಣ. 27, 28ರ ಶಟಲನ್ನೂ ಉದ್ದ ಬಾಬಿನ್ನನ್ನೂ ಈಗಲೂ ಹೊಸದಾಗಿ ಮಾಡಿ ಮಾರುತ್ತಾರೆ, ಆದ್ದರಿಂದ ಅವು ಕಳೆದಿದ್ದರೂ ದಾರಿಯಿದೆ. 1865ರಲ್ಲಿ ಬಂದ 12ನೆಯ ಮಾದರಿ ಹಾಗಲ್ಲ. ದೋಣಿಯಾಕಾರದ ಅದರ ಶಟಲ್ ಮಾತ್ರವಲ್ಲ, ಸೂಜಿಯೂ ಬೇರೆಯದೇ ಜಾತಿಯದು. ಇಂದಿನ ಅಂಗಡಿಯ ಸೂಜಿ ಅದಕ್ಕೆ ಆಗುವುದಿಲ್ಲ. ನೋಡಲು ಬಹಳ ಚಂದವಾದ ಮಿಷಿನ್ ಅದು, ಆದರೆ ಮೊದಲ ಖರೀದಿಗೆ ನಾನು ಯಾರಿಗೂ ಹೇಳುವುದಿಲ್ಲ. ಹೊಸಬರಿಗೆ ತೀರ ಅನುಕೂಲವಾದದ್ದು 15ನೆಯ ಮಾದರಿ. ನಮ್ಮ ದೇಶದ ಉಷಾ ಮೊದಲಾದ ಕಪ್ಪು ಮಿಷಿನ್‌ಗಳೂ ಯುದ್ಧಾನಂತರದ ಜಪಾನಿನ ಮಿಷಿನ್‌ಗಳೂ ಅದನ್ನೇ ಅನುಸರಿಸಿ ಹುಟ್ಟಿದವು. ಹೀಗಾಗಿ ಅದರ ದುಂಡು ಬಾಬಿನ್, ಬಾಬಿನ್ ಕೇಸ್, ಸೂಜಿ ಎಲ್ಲವೂ ಯಾವ ಊರಿನ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಾದರೂ ಸಿಗುತ್ತವೆ.

ಹಳೆ ಶಿಂಪಿ, ಸಾಯನ್:

ನಾನು ಗದಗ ಕಡೆಯವನು. ಧಾರಾವಿಯ ಹೊಲಿಗೆ ಕಾರಖಾನೆಗಳಲ್ಲಿ ಮಿಷಿನ್ ರಿಪೇರಿ ಮಾಡುತ್ತ ಬದುಕು ಸವೆಸಿದವನು. ಚಕ್ರದ ವಿಷಯಕ್ಕೆ ಉತ್ತರ ಕೊಡುತ್ತೇನೆ.

ತಂಗೀ, ಮಿಷಿನ್ ನಿಲ್ಲುವುದರಲ್ಲಿ ಎರಡು ಬಗೆ. ಚಕ್ರ ತಿರುಗಿದಷ್ಟೂ ಭಾರವಾಗುತ್ತ, ಜಿಗುಟಾಗಿ ನಿಂತರೆ ಒಳಗೆ ಎಣ್ಣೆ ಹೆಪ್ಪುಗಟ್ಟಿದೆ ಎಂದರ್ಥ. ಹಗುರವಾಗಿ ತಿರುಗಿ ಒಂದೇ ಜಾಗದಲ್ಲಿ ಠಕ್ ಎಂದು ನಿಂತರೆ ಎಣ್ಣೆಯ ದೋಷವಲ್ಲ. ಏನೋ ಅಡ್ಡ ಬಂದಿದೆ. ನೀವು ಹೇಳುವ ಅರ್ಧ ಸುತ್ತು ಎರಡನೆಯ ಬಗೆಯದೆಂದು ನನಗೆ ಅನಿಸುತ್ತದೆ. ಮೊದಲು ಸೂಜಿ ತೆಗೆಯಿರಿ, ಏಕೆಂದರೆ ಬಾಗಿದ ಸೂಜಿ ತಗಡಿಗೆ ತಾಗಿ ನಿಲ್ಲಿಸುತ್ತಿರಬಹುದು. ಆಮೇಲೆ ಶಟಲ್ ತೆಗೆದು, ಅದು ಓಡುವ ದಾರಿಯನ್ನು ಟಾರ್ಚ್ ಹಿಡಿದು ನೋಡಿರಿ. ಹಳೆಯ ದಾರದ ತುಂಡುಗಳು ಅಲ್ಲಿ ಸುತ್ತಿಕೊಂಡಿರುತ್ತವೆ. ಬಳಿಕ ಸೂಜಿಯ ಕೆಳಗಿನ ತಗಡಿನ ತಿರುಪು ಬಿಚ್ಚಿ, ಬಟ್ಟೆಯನ್ನು ಸರಿಸುವ ಹಲ್ಲುಗಳ ನಡುವೆ ನೋಡಿರಿ. ಬಟ್ಟೆಯ ಧೂಳು ಎಣ್ಣೆಯೊಂದಿಗೆ ಸೇರಿ, ವರ್ಷಗಳ ಒತ್ತಡಕ್ಕೆ ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ದಬ್ಬಣದ ತುದಿಯಿಂದ ಎಬ್ಬಿಸಿದರೆ ಇಡಿಯಾಗಿ ಎದ್ದು ಬರುತ್ತದೆ, ಅದರ ಕೆಳಗೆ ಮುರಿದ ಸೂಜಿಯ ತುದಿ ಸಿಕ್ಕರೂ ಆಶ್ಚರ್ಯವಿಲ್ಲ. ಹಲ್ಲು ಕೆಳಗಿಳಿಯಲು ಜಾಗವೇ ಇಲ್ಲದಿದ್ದರೆ ಚಕ್ರ ಹೇಗೆ ತಿರುಗೀತು?

ಅಡ್ಡ ಬಂದದ್ದೆಲ್ಲ ತೆಗೆದ ಮೇಲೂ ಬಿಗಿಯಿದ್ದರೆ, ಚಕ್ರದ ನಡುವಿನ ದುಂಡು ತಿರುಪನ್ನು ಸಡಿಲಿಸಿರಿ. ಆಗ ಚಕ್ರ ಒಂಟಿಯಾಗಿ ತಿರುಗಿದರೆ ಬಿಗಿ ಒಳಗಿನ ಅಚ್ಚಿನಲ್ಲಿದೆ. ತಿರುಗದಿದ್ದರೆ ಚಕ್ರದ ಹಿಂದೆ ದಾರ ಸುತ್ತಿದೆ ಅಥವಾ ಚಕ್ರವೇ ಅಂಟಿಕೊಂಡಿದೆ. ಎಣ್ಣೆ ಬಿಡುವ ಪ್ರತಿ ತೂತಿಗೂ, ಲೋಹಕ್ಕೆ ಲೋಹ ಉಜ್ಜುವ ಪ್ರತಿ ಜಾಗಕ್ಕೂ ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿರಿ. ಬೆಳಿಗ್ಗೆ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸಿರಿ. ಬಿಡದಿದ್ದರೆ ಕೂದಲು ಒಣಗಿಸುವ ಡ್ರೈಯರ್‌ನಿಂದ ಬಿಸಿಗಾಳಿ ಕೊಟ್ಟು ಮತ್ತೆ ಆಡಿಸಿರಿ. ಸುತ್ತಿಗೆ ಮಾತ್ರ ಎತ್ತಬಾರದು. ಎರಕದ ಕಬ್ಬಿಣ ಬಾಗುವುದಿಲ್ಲ, ಬಿರುಕು ಬಿಡುತ್ತದೆ. ಬಿಡಿಸಿದ ಮೇಲೆ ಸೀಮೆಎಣ್ಣೆಯನ್ನು ಒರೆಸಿ, ಹೊಲಿಗೆ ಮಿಷಿನ್ನಿನ ತಿಳಿ ಎಣ್ಣೆಯನ್ನು ಎಲ್ಲ ಕಡೆ ಬಿಡಲೇಬೇಕು. ಸೀಮೆಎಣ್ಣೆ ಕೊಳೆ ಕರಗಿಸುತ್ತದೆಯೇ ಹೊರತು ಸವೆತ ತಡೆಯುವುದಿಲ್ಲ.

ನಮ್ಮ ಮನೆಗಳಲ್ಲಿ ಕೈಗೆ ಸಿಕ್ಕ ಕೊಬ್ಬರಿ ಎಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಬಿಡುವ ಪದ್ಧತಿಯಿತ್ತು. ನನ್ನ ಕೈಗೆ ಬಂದ ಕೆಟ್ಟ ಮಿಷಿನ್‌ಗಳಲ್ಲಿ ಹೆಚ್ಚಿನವು ಕೆಟ್ಟದ್ದು ಇದರಿಂದಲೇ. ಅಡುಗೆ ಎಣ್ಣೆ ಗಾಳಿಗೆ ಒಣಗಿ ಅಂಟಾಗಿ, ಕೊನೆಗೆ ವಾರ್ನಿಷ್ ಬಳಿದ ಹಾಗೆ ಕೂರುತ್ತದೆ.

ಮಾಟುಂಗಾ ಮೇಷ್ಟ್ರು:

ಶಿಂಪಿಯವರ ಮಾತಿಗೆ ಒಂದು ಸೇರ್ಪಡೆ. ಹಳೆಯ ಸಿಂಗರ್‌ಗಳ ಚಿತ್ತಾರದ ಮೇಲಿರುವ ಹೊಳಪು ಅರಗಿನದು. ಸ್ಪಿರಿಟ್ ಅಥವಾ ಸ್ಯಾನಿಟೈಸರ್ ತಾಗಿದರೆ ಆ ಅರಗು ಕರಗಿ, ಬಂಗಾರದ ಗೆರೆಗಳು ಬೆಳ್ಳಿಯ ಬಣ್ಣಕ್ಕೆ ತಿರುಗುತ್ತವೆ; ಮತ್ತೆ ಸರಿಹೋಗುವುದಿಲ್ಲ. ಚಿತ್ತಾರವಿರುವ ಕಡೆ ಮಿಷಿನ್ ಎಣ್ಣೆಯನ್ನು ಹಳೆಯ ಮೆತ್ತನೆಯ ಬಟ್ಟೆಗೆ ಹಚ್ಚಿ ಒರೆಸಬೇಕೇ ವಿನಾ ಬೇರೇನನ್ನೂ ತಾಗಿಸಬಾರದು. 27ನೆಯ ಮಾದರಿಯ ಮೇಲಿನ ಸ್ಫಿಂಕ್ಸ್ ಚಿತ್ರವಾಗಲಿ, ಕಿಲ್‌ಬೋವಿಯ 66ನೆಯ ಮಾದರಿಯ ಮೇಲಿನ ಕಮಲವಾಗಲಿ, ಒಮ್ಮೆ ಅಳಿಸಿದರೆ ಹೋದ ಹಾಗೆಯೇ.

ವಾಸ್ಕೊ ಕನ್ನಡಿಗ:

ಗೋವಾದ ಪರಿಸ್ಥಿತಿಯನ್ನೂ ಇಲ್ಲಿ ಹೇಳಬೇಕೆನಿಸುತ್ತದೆ. ಇಲ್ಲಿಯ ಹಳೆಯ ಮನೆಗಳಲ್ಲಿ ಕಾಲುಮಿಷಿನ್‌ಗಳು ಇನ್ನೂ ಇವೆ. ಸಿಂಗರ್ ಮತ್ತು ಜರ್ಮನಿಯ ಕೈಸರ್ಸ್‌ಲೌಟರ್ನ್ ಊರಿನ ಫಾಫ್ ಅಲ್ಲದೆ, ಮಡಗಾಂವ್ ಹತ್ತಿರದ ಒಂದು ಮನೆಯಲ್ಲಿ ಪೋರ್ಚುಗಲ್‌ನ ಒಲಿವಾ ಮಿಷಿನ್ನನ್ನು ನಾನೇ ನೋಡಿದ್ದೇನೆ. ಒಲಿವಾ ಹೊಲಿಗೆ ಮಿಷಿನ್ ಮಾಡತೊಡಗಿದ್ದು 1940ರ ದಶಕದ ಕೊನೆಗೆ. ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾದದ್ದು 1961ರಲ್ಲಿ. ಆ ಸುಮಾರು ಒಂದು ದಶಕದ ಅವಧಿಯಲ್ಲಿ ಹಡಗೇರಿ ಬಂದಿರಬಹುದಾದ ಇಂಥ ಮಿಷಿನ್ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕಣ್ಣಿಗೆ ಬೀಳುವುದು ಕಷ್ಟ.

ನನ್ನ ಸಂಕಟ ಬೇರೆ. ಮನೆ ಮಾರುವಾಗ ಮಿಷಿನ್ ಗುಜರಿಗೆ ಬರುತ್ತದೆ, ಗುಜರಿಯವನು ತಲೆ ಮತ್ತು ಸ್ಟ್ಯಾಂಡನ್ನು ಬೇರ್ಪಡಿಸುತ್ತಾನೆ. ಎರಕದ ಕಬ್ಬಿಣದ ಸ್ಟ್ಯಾಂಡು ಕೆಫೆಯ ಮೇಜಾಗಿಯೋ ಹೋಟೆಲಿನ ಕೈತೊಳೆಯುವ ಬೇಸಿನ್ನಿಗೆ ಕಾಲಾಗಿಯೋ ಒಳ್ಳೆಯ ಬೆಲೆಗೆ ಹೋಗುತ್ತದೆ. ತಲೆ ಮಳೆಯಲ್ಲಿ ಬಿದ್ದಿರುತ್ತದೆ. ಈಚೆಗೆ ಕಡಲತೀರದ ಒಂದು ಕೆಫೆಯವರು ಹೀಗೆ ಬೇರ್ಪಡಿಸಿದ ತಲೆಗಳನ್ನು ಗೋಡೆಯುದ್ದಕ್ಕೂ ಸಿಮೆಂಟಿನಲ್ಲಿ ಹೂತು ಅಲಂಕಾರ ಮಾಡಿದ್ದನ್ನು ಕಂಡೆ. ಅವುಗಳಲ್ಲಿ ಕೆಲವು ಎಣ್ಣೆ ಬಿಟ್ಟರೆ ಅಂದೇ ಹೊಲಿಯುವಂತಿದ್ದವು. ಸಂಗ್ರಹಿಸುವವರಾದರೂ ತಲೆ, ಸ್ಟ್ಯಾಂಡು, ಮರದ ಹಲಗೆ, ಡ್ರಾಯರ್ ಎಲ್ಲವನ್ನೂ ಒಟ್ಟಾಗಿ ಕೊಳ್ಳಬೇಕೆಂದು ನನ್ನ ಪ್ರಾರ್ಥನೆ.

ಠಾಣೆ ಪೂರ್ವ:

ವಾಸ್ಕೊದವರ ನೋವು ನನಗೂ ಅರ್ಥವಾಗುತ್ತದೆ, ಆದರೂ ಪೂರ್ತಿ ಒಪ್ಪಲಾರೆ. ಮುಂಬೈಯ ಒಂದು ಕೋಣೆಯ ಮನೆಯಲ್ಲಿ ಕಾಲುಮಿಷಿನ್ನಿಗೆ ಜಾಗ ಎಲ್ಲಿದೆ? ಮೇಜಾಗದಿದ್ದರೆ ಆ ಸ್ಟ್ಯಾಂಡು ಕುಲುಮೆಗೆ ಹೋಗಿ ಕರಗುತ್ತಿತ್ತು. ನಾನು ತಲೆಯನ್ನು ಮಾತ್ರ ಇಟ್ಟುಕೊಂಡು, ಅದಕ್ಕೆ ಕೈಹಿಡಿ ಜೋಡಿಸಿ ಬಳಸುತ್ತಿದ್ದೇನೆ. ಅದು ತಪ್ಪೇ?

ಇನ್ನೊಂದು ಪ್ರಶ್ನೆ. ಹಳೆಯ ಸಿಂಗರ್ ಇದ್ದರೆ ಲಕ್ಷಗಟ್ಟಲೆ ಕೊಡುತ್ತೇವೆ, ಸೂಜಿಯ ಬಳಿ ಮೊಬೈಲ್ ಹಿಡಿದು ಪರೀಕ್ಷಿಸಿ ಎಂದು ಹೇಳುವ ಸಂದೇಶವೊಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದೆ. ಇದರಲ್ಲಿ ಏನಾದರೂ ಹುರುಳಿದೆಯೇ?

ಕಸಬಾ ಪೇಠ, ಪುಣೆ:

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಇದರಿಂದ ಜನ ಹಣ ಕಳೆದುಕೊಳ್ಳುತ್ತಾರೆ. ಹುರುಳು ಏನೇನೂ ಇಲ್ಲ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ವದಂತಿ ಹಬ್ಬಿತ್ತು. ಹಳೆಯ ಸಿಂಗರ್ ಮಿಷಿನ್ನಿನಲ್ಲಿ ಕೆಂಪು ಪಾದರಸವಿದೆ, ಸೂಜಿಯ ಬಳಿ ಹಿಡಿದ ಮೊಬೈಲಿನ ಕರೆ ಕಡಿದುಹೋದರೆ ಅದೇ ಸಾಕ್ಷಿ ಎಂದು ನಂಬಿ ಜನ ವಿಪರೀತ ಬೆಲೆಗೆ ಕೊಂಡರು. ಕೆಂಪು ಪಾದರಸವೆಂಬ ಅಂಥ ವಸ್ತುವೇ ಇಲ್ಲ; ಮಿಷಿನ್ನಿನಲ್ಲಿರುವುದು ಕಬ್ಬಿಣ, ಉಕ್ಕು ಮತ್ತು ಸ್ವಲ್ಪ ಹಿತ್ತಾಳೆ. ಮುಂಗಡ ಹಣ ಕೇಳುವವರಿಗಂತೂ ಒಂದು ಪೈಸೆಯನ್ನೂ ಕೊಡಬೇಡಿ.

ಕೈಹಿಡಿ ಜೋಡಿಸಿದ್ದು ತಪ್ಪಲ್ಲ. ಆ ಮಿಷಿನ್ ಹೊಲಿಯುತ್ತಿದೆ, ಅಷ್ಟು ಸಾಕು. ನಾನು ವಿರೋಧಿಸುವುದು ಹೊಲಿಯಬಲ್ಲ ತಲೆಯನ್ನು ಸಿಮೆಂಟಿಗೆ ಹೂಳುವುದನ್ನು. ಸ್ಟ್ಯಾಂಡನ್ನು ಬಿಡಲೇಬೇಕಾದವರು ಕಾಲುಹಲಗೆ, ದೊಡ್ಡ ಚಕ್ರ, ಪಟ್ಟಿ ಇವನ್ನೆಲ್ಲ ಬಿಚ್ಚದೆ ಇಡಿಯಾಗಿ ಬೇರೊಬ್ಬ ಸಂಗ್ರಾಹಕನಿಗೆ ಕೊಟ್ಟರೆ ಒಳ್ಳೆಯದು. ತಲೆ ಮಾತ್ರ ಸಿಕ್ಕಿ ಸ್ಟ್ಯಾಂಡು ಹುಡುಕುವವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಪುಣೆಯ ಮಂಗಳವಾರ ಪೇಠದ ಜುನಾ ಬಜಾರ್ ಭಾನುವಾರ ಮತ್ತು ಬುಧವಾರ ಸೇರುತ್ತದೆ, ಅಲ್ಲಿ ಬಿಡಿ ಸ್ಟ್ಯಾಂಡುಗಳನ್ನೂ ಹುಡುಕಬಹುದು. ಬೆಳಿಗ್ಗೆ ಬೇಗ ಹೋಗಿ, ಜೇಬಿನಲ್ಲಿ ಒಂದು ಸೂಜಿ, ದಾರ ಸುತ್ತಿದ ಬಾಬಿನ್, ಬಟ್ಟೆಯ ಚೂರು ಇಟ್ಟುಕೊಂಡಿರಿ. ನಾಲ್ಕು ಅಂಗುಲ ಹೊಲಿದು ನೋಡಿದರೆ ಮಾರುವವನ ಮಾತನ್ನು ನಂಬುವ ಅಗತ್ಯವೇ ಬೀಳುವುದಿಲ್ಲ.

ಇದೇ ಊರಿನಲ್ಲಿ ದಿನಕರ ಕೇಳ್ಕರ್ ಅವರು ದೀಪ, ಅಡಕತ್ತರಿಯಂಥ ಮನೆಬಳಕೆಯ ವಸ್ತುಗಳನ್ನು ಮನೆಮನೆಗಳಿಂದ ಕೂಡಿಸಿ ಒಂದು ವಸ್ತುಸಂಗ್ರಹಾಲಯವನ್ನೇ ಕಟ್ಟಿದರು. ಅಂಗಡಿಯ ಹೊಳಪಿಗಿಂತ ಮನೆಯ ಮೂಲೆಯನ್ನು ನಂಬಬೇಕೆಂಬುದನ್ನು ನಾನು ಕಲಿತದ್ದು ಆ ಸಂಗ್ರಹವನ್ನು ನೋಡಿ. ಚೋರ್ ಬಜಾರ್ ಕಣ್ಣು ಪಳಗಿಸಿಕೊಳ್ಳಲು ಒಳ್ಳೆಯ ಜಾಗ. ಮಿಷಿನ್ ಸಿಗುವುದು ಮಾತ್ರ ಟೈಲರ್‌ಗಳ ಅಟ್ಟದಲ್ಲಿ, ರಿಪೇರಿಯವರ ಹಿತ್ತಿಲಲ್ಲಿ, ಮುಚ್ಚುತ್ತಿರುವ ವಾಡೆಗಳಲ್ಲಿ.

ಮಾಟುಂಗಾ ಮೇಷ್ಟ್ರು:

ಮನೆಗಳಿಂದ ಕೊಳ್ಳುವುದಕ್ಕೆ ಇನ್ನೂ ಒಂದು ಕಾರಣವನ್ನು ಸೇರಿಸುತ್ತೇನೆ. ಮಿಷಿನ್ನಿನ ಇತಿಹಾಸ ಅದರ ಡ್ರಾಯರಿನಲ್ಲಿರುತ್ತದೆ. ಐಸಾಕ್ ಸಿಂಗರ್ ಪೇಟೆಂಟ್ ಪಡೆದದ್ದು 1851ರಲ್ಲಿ. ಆದರೆ ಮಿಷಿನ್ನನ್ನು ಬಡವರ ಮನೆಗೆ ತಲುಪಿಸಿದ್ದು ಅವರ ಪಾಲುದಾರ ಎಡ್ವರ್ಡ್ ಕ್ಲಾರ್ಕ್ ತಂದ ಕಂತಿನ ಮಾರಾಟ. ನಮ್ಮ ದೇಶದಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಪಾರ್ಸಿಯವರಾದ ಎನ್. ಎಂ. ಪಟೇಲ್ ಅವರು ಈ ಮುಂಬೈಯಿಂದಲೇ ಸಿಂಗರ್ ಕಂಪನಿಯ ವ್ಯಾಪಾರವನ್ನು ಬೆಳೆಸಿದರು. ಯಂತ್ರಗಳನ್ನು ಅಷ್ಟು ಕಟುವಾಗಿ ವಿಮರ್ಶಿಸಿದ ಗಾಂಧೀಜಿಯವರೂ 1924ರ ಒಂದು ಸಂಭಾಷಣೆಯಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಕಂತು ಕಟ್ಟಿದ ಚೀಟಿ, ಬಿಲ್ಲು, ಬಳಕೆಯ ಪುಸ್ತಿಕೆ, ಅಂಗಡಿಯ ಹೆಸರಿರುವ ಎಣ್ಣೆ ಡಬ್ಬಿ ಇವುಗಳಲ್ಲಿ ಏನೇ ಸಿಕ್ಕರೂ ಬಿಸಾಡಬೇಡಿ. ಯಾರ ಮನೆಯದು, ಯಾವ ಊರಿನಿಂದ ಬಂತು, ಯಾರು ಹೊಲಿಯುತ್ತಿದ್ದರು ಎಂಬುದನ್ನು ಕೊಳ್ಳುವ ದಿನವೇ ಕೇಳಿ ಬರೆದಿಡಿ. ಗುಜರಿಗೆ ಹೋದ ಮಿಷಿನ್ನಿನ ಬಗ್ಗೆ ಇದನ್ನು ಯಾರೂ ಹೇಳಲಾರರು.

ಸಿಂಗರ್ ಒಂದೇ ಸಂಗ್ರಹಯೋಗ್ಯವೆಂಬ ಭಾವನೆಯನ್ನೂ ಬಿಡಬೇಕು. ಕಲ್ಕತ್ತೆಯ ಜಯ್ ಇಂಜಿನಿಯರಿಂಗ್ ವರ್ಕ್ಸ್ 1930ರ ದಶಕದಲ್ಲಿ ಆರಂಭಿಸಿದ ಉಷಾದ ಮೊದಮೊದಲ ಮಿಷಿನ್‌ಗಳನ್ನು ಇಂದು ಯಾರೂ ಜೋಪಾನ ಮಾಡುತ್ತಿಲ್ಲ. ನನ್ನ ದೃಷ್ಟಿಯಲ್ಲಿ ಅವು ನೂರು ವರ್ಷದ ಕಿಲ್‌ಬೋವಿಗಿಂತ ಹೆಚ್ಚು ತುರ್ತಾಗಿ ಉಳಿಸಬೇಕಾದವು.

ವಾಸ್ಕೊ ಕನ್ನಡಿಗ:

ಉಷಾದ ವಿಷಯದಲ್ಲಿ ಮೇಷ್ಟ್ರ ಮಾತಿಗೆ ನನ್ನ ಸಂಪೂರ್ಣ ಸಮ್ಮತಿ. ಮಳೆಗಾಲದ ಬಗ್ಗೆ ಒಂದೆರಡು ಮಾತು. ಕರಾವಳಿಯಲ್ಲಿ ಮಿಷಿನ್ನನ್ನು ಮರದ ಪೆಟ್ಟಿಗೆಯೊಳಗೆ ಮುಚ್ಚಿಟ್ಟು ಮರೆಯಬಾರದು, ಪ್ಲಾಸ್ಟಿಕ್ ಸುತ್ತುವುದಂತೂ ಕೂಡದು. ಒಳಗಿನ ತೇವ ಹೊರಬರಲಾಗದೆ ಸೂಜಿತಗಡು, ಜಾರುವ ತಗಡುಗಳ ಮೇಲೆ ತುಕ್ಕು ಚುಕ್ಕೆ ಚುಕ್ಕೆಯಾಗಿ ಏಳುತ್ತದೆ. ಹತ್ತಿ ಬಟ್ಟೆ ಹೊದಿಸಿ, ಹೊಳೆಯುವ ಭಾಗಗಳಿಗೆ ಎಣ್ಣೆಯ ಪಸೆ ಹಚ್ಚಿ, ವಾರಕ್ಕೊಮ್ಮೆ ಚಕ್ರ ತಿರುಗಿಸಿದರೆ ಸಾಕು. ಬಂದ ತುಕ್ಕನ್ನು ಅತಿ ನಯವಾದ ಉಕ್ಕಿನ ಉಣ್ಣೆ (ಸ್ಟೀಲ್ ವುಲ್) ಮತ್ತು ಎಣ್ಣೆಯಿಂದ ಮೆಲ್ಲಗೆ ತೆಗೆಯಬಹುದು. ಜೋರಾಗಿ ತಿಕ್ಕಿದರೆ ನಿಕ್ಕಲ್ ಲೇಪವೇ ಎದ್ದುಹೋಗುತ್ತದೆ. ಮರದ ಭಾಗದಲ್ಲಿ ಸಣ್ಣ ತೂತು ಮತ್ತು ಹುಡಿ ಕಂಡರೆ ಕುಟ್ಟೆ ಹಿಡಿದಿದೆ ಎಂದು ತಿಳಿದು, ಉಳಿದ ಮಿಷಿನ್‌ಗಳಿಂದ ಕೂಡಲೇ ದೂರವಿಡಬೇಕು.

ಡೊಂಬಿವಲಿ ಓದುಗಿ:

ಎಲ್ಲ ಹಿರಿಯರಿಗೂ ಕೃತಜ್ಞತೆಗಳು. ಶಿಂಪಿ ಅಣ್ಣನವರು ಹೇಳಿದಂತೆಯೇ ಹಲ್ಲುಗಳ ಕೆಳಗೆ ಗಟ್ಟಿಯಾದ ಧೂಳಿನ ಪದರವಿತ್ತು. ಅದನ್ನು ಎಬ್ಬಿಸಿದ ಮೇಲೆ ಚಕ್ರ ಪೂರ್ತಿ ಸುತ್ತುತ್ತಿದೆ. ಶಟಲ್ ಎತ್ತುವ ಗುಂಡಿ ಇಲ್ಲ, ಆದ್ದರಿಂದ 28 ಇರಬೇಕು. ಪೆಟ್ಟಿಗೆಯ ಅಡಿಯಲ್ಲಿ ಧಾರವಾಡದ ಅಂಗಡಿಯೊಂದರ ಮಾಸಿದ ಚೀಟಿಯೂ ಸಿಕ್ಕಿತು. ಅತ್ತೆಯವರನ್ನು ಕೇಳಿ ಬರೆದಿಡುತ್ತೇನೆ. ಈಗ ಹೊಸ ಸೂಜಿ ಹಾಕಿದರೆ ಹೊಲಿಗೆ ಬೀಳದೆ ತಪ್ಪಿ ತಪ್ಪಿ ಹೋಗುತ್ತಿದೆ. ಹಳೆಯ ಮಿಷಿನ್ನಿಗೆ ಬೇರೆ ಸೂಜಿ ಬೇಕೇ?

ಹಳೆ ಶಿಂಪಿ, ಸಾಯನ್:

ಬೇರೆ ಬೇಡ ತಂಗೀ. ಮನೆಮಿಷಿನ್ನಿಗೆ ಹಾಕುವ ಸಾಮಾನ್ಯ ಚಪ್ಪಟೆ ಬೆನ್ನಿನ ಸೂಜಿಯೇ ಸಾಕು. ಕಾರಖಾನೆ ಮಿಷಿನ್ನಿನ ದುಂಡು ಸೂಜಿ ಮಾತ್ರ ತರಬೇಡಿರಿ. ಹೊಲಿಗೆ ತಪ್ಪುವುದು ಬಹುಮಟ್ಟಿಗೆ ಸೂಜಿಯನ್ನು ತಿರುಗುಮುರುಗಾಗಿ ಹಾಕಿದಾಗ. ಸೂಜಿಯ ಒಂದು ಬದಿಗೆ ಮೇಲಿಂದ ಕೆಳಗಿನ ತನಕ ಉದ್ದ ಗೀರು ಇರುತ್ತದೆ. ದಾರ ಕೊನೆಯ ಕೊಂಡಿಯಿಂದ ಯಾವ ಬದಿಯಲ್ಲಿ ಇಳಿಯುತ್ತದೆಯೋ ಆ ಬದಿಗೆ ಗೀರು ಬರಬೇಕು, ಚಪ್ಪಟೆ ಭಾಗ ಅದರ ಎದುರು ಬದಿಗೆ. ದಾರವನ್ನೂ ಗೀರಿನ ಕಡೆಯಿಂದಲೇ ಪೋಣಿಸಿರಿ. ಸೂಜಿಯನ್ನು ಮೇಲೆ ತಾಗುವ ತನಕ ಒತ್ತಿ ತಿರುಪು ಬಿಗಿ ಮಾಡಿರಿ. ಆಮೇಲೂ ತಪ್ಪಿದರೆ ಶಟಲಿನ ಮೂತಿಯನ್ನು ಉಗುರಿನಿಂದ ಸವರಿ ನೋಡಿರಿ. ಮೊನೆಯಲ್ಲಿ ಚೂರು ಎದ್ದಿದ್ದರೆ ಅದು ದಾರದ ಕುಣಿಕೆಯನ್ನು ಹಿಡಿಯುವುದಿಲ್ಲ. ಹೊಸ ಶಟಲ್ ತರಿಸಬೇಕಾಗುತ್ತದೆ. ಮಟನ್ ಸ್ಟ್ರೀಟಿಗೆ ಮತ್ತೆ ಹೋಗುವುದಾದರೆ ಶುಕ್ರವಾರ ಅಂಗಡಿಗಳು ಮುಚ್ಚಿರುತ್ತವೆ ಎಂಬುದು ನೆನಪಿರಲಿ. ಆ ದಿನ ಬೀದಿಯಲ್ಲಿ ಹಳೆಯ ಸಾಮಾನು ಹರಡಿ ಕೂರುವವರ ಬಳಿ ಬಿಡಿ ಶಟಲ್, ಬಾಬಿನ್ ಕೇಳಿ ನೋಡಬಹುದು. ನಿಮ್ಮ ಹಳೆಯ ಶಟಲನ್ನು ಜೊತೆಗೆ ಒಯ್ದು, ಪಕ್ಕದಲ್ಲಿಟ್ಟು ಅಳೆದೇ ಕೊಳ್ಳಿರಿ.